ಸೂರ್ಯನ ಬಿರುಗಾಳಿಯೂ ನಮ್ಮ ದೀಪಗಳೂ

ಬಳ್ಳಾರಿಯವರಿಗೆ ಸೂರ್ಯನ ಪ್ರತಾಪವನ್ನು ಯಾರೂ ಹೇಳಿಕೊಡಬೇಕಾದುದಿಲ್ಲ. ಆದರೆ ನಾವು ಬಲ್ಲ ಬಿಸಿಲು ಬೇರೆ, ಸೌರ ಬಿರುಗಾಳಿ ಬೇರೆ. ಸೂರ್ಯನಲ್ಲಿ ಕಪ್ಪು ಕಲೆಗಳು ಹೆಚ್ಚಿದ ಕಾಲದಲ್ಲಿ ಒಮ್ಮೊಮ್ಮೆ ವಿದ್ಯುತ್ಕಣಗಳ ಮಹಾಮೇಘವೊಂದು ಸಿಡಿದು ಹೊರಟು, ಸಾಮಾನ್ಯವಾಗಿ ಒಂದರಿಂದ ಮೂರು ದಿವಸಗಳಲ್ಲಿ ಭೂಮಿಯನ್ನು ಮುಟ್ಟುವುದುಂಟು. ಅದು ನಮ್ಮ ಮೈಯನ್ನು ಸುಡದು; ಭೂಮಿಯ ಕಾಂತಕ್ಷೇತ್ರವನ್ನು ಅಲುಗಿಸುವುದು.

ಅದರಿಂದ ಕೇಡೇನು? ತಂತಿಯ ಸುರುಳಿಯ ಬಳಿ ಅಯಸ್ಕಾಂತವನ್ನು ಆಡಿಸಿದರೆ ತಂತಿಯಲ್ಲಿ ವಿದ್ಯುತ್ತು ಹರಿಯುವುದನ್ನು ನಮ್ಮ ವಿದ್ಯಾರ್ಥಿನಿಯರು ಪ್ರಯೋಗಶಾಲೆಯಲ್ಲಿ ಕಂಡಿರುವರು. ಇಲ್ಲಿಯಾದರೋ ಭೂಮಿಯೇ ಅಯಸ್ಕಾಂತ; ನೂರಾರು ಮೈಲಿ ಚಾಚಿದ ವಿದ್ಯುನ್ಮಾರ್ಗಗಳೇ ತಂತಿ. ಹೀಗೆ ಹುಟ್ಟಿದ ಪ್ರವಾಹವು ದೊಡ್ಡ ಟ್ರಾನ್ಸ್‌ಫಾರ್ಮರುಗಳನ್ನು ಹೊಕ್ಕು, ಕಾಯಿಸಿ ಕೆಡಿಸಬಲ್ಲದು.

ಇದು ಬರಿಯ ಊಹೆಯಲ್ಲ. 1859ರ ಸೆಪ್ಟೆಂಬರಿನಲ್ಲಿ ಇಂಥ ಬಿರುಗಾಳಿಯಿಂದ ಯೂರೋಪು, ಅಮೆರಿಕಗಳ ಟೆಲಿಗ್ರಾಫ್ ಕೆಲಸವು ಕೆಟ್ಟುಹೋಯಿತು. 1872ರ ಫೆಬ್ರವರಿ 4ರಂದು, ಧ್ರುವಪ್ರದೇಶಗಳಲ್ಲಿ ಮಾತ್ರ ಕಾಣತಕ್ಕ ಬಣ್ಣದ ಬೆಳಕು ಮುಂಬಯಿಯ ಆಕಾಶದಲ್ಲಿಯೂ ಕಾಣಿಸಿತು. 1989ರ ಮಾರ್ಚ್ 13ರಂದು ಕೆನಡಾದ ಕ್ವಿಬೆಕ್ ಪ್ರಾಂತದಲ್ಲಿ ಸುಮಾರು 60 ಲಕ್ಷ ಜನರು 9 ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಕಳೆದರು.

ನಾವು ಧ್ರುವಗಳಿಗೆ ದೂರವಾಗಿರುವುದರಿಂದ ನಮಗೆ ಅಪಾಯವು ಕಡಿಮೆ. ಆದರೂ ನಿಶ್ಚಿಂತರಾಗಿರಲಾಗದು. 2013ರ ಡಿಸೆಂಬರ್ 31ರಂದು ರಾಯಚೂರು-ಸೋಲಾಪುರ ಮಾರ್ಗದ ಮೂಲಕ ದಕ್ಷಿಣದ ವಿದ್ಯುಜ್ಜಾಲವು ದೇಶದ ಉಳಿದ ಜಾಲದೊಡನೆ ಒಂದಾಯಿತು. ಕುಡತಿನಿಯ ವಿದ್ಯುತ್ ಸ್ಥಾವರವೂ, ಸಿರುಗುಪ್ಪದ ಗದ್ದೆಗಳಿಗೆ ನೀರೆತ್ತುವ ಪಂಪುಗಳೂ, ಕುರುಗೋಡಿನ ಮನೆಯ ದೀಪವೂ ಈಗ ಒಂದೇ ಜಾಲದ ಎಳೆಗಳು. ದೂರದಲ್ಲಾದ ಪೆಟ್ಟು ಇಲ್ಲಿಗೂ ತಟ್ಟಬಹುದು.

ಬಿರುಗಾಳಿಯನ್ನು ತಡೆಯಲಾಗದು, ಮುಂಚಿತವಾಗಿ ಅರಿಯಬಹುದು. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ-ಎಲ್1 ನೌಕೆಯು ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರು ದೂರದಲ್ಲಿದ್ದು ಸೂರ್ಯನನ್ನು ನೋಡುತ್ತಿದೆ. ಅದರ ಮುಖ್ಯ ಉಪಕರಣವನ್ನು ನಿರ್ಮಿಸಿದುದು ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ. ಕೆಲವು ಗಂಟೆ ಮೊದಲು ಎಚ್ಚರಿಕೆ ದೊರೆತರೂ ವಿದ್ಯುತ್ ಕೇಂದ್ರದವರು ಯಂತ್ರಗಳ ಮೇಲಣ ಭಾರವನ್ನಿಳಿಸಿ ಅವುಗಳನ್ನು ಕಾಪಾಡಬಹುದು.

ಮನೆಯಲ್ಲಿ ನಾವು ಮಾಡಬೇಕಾದುದು ಅಲ್ಪ: ಎರಡು ದಿವಸಗಳಿಗಾಗುವ ಕುಡಿಯುವ ನೀರು, ಒಂದು ದೀಪ, ಕಾಗದದ ಮೇಲೆ ಬರೆದಿಟ್ಟ ಮುಖ್ಯವಾದ ಫೋನ್ ನಂಬರುಗಳು. ಹತ್ತು ಮಂದಿ ಕನ್ನಿಕೆಯರ ಸಾಮ್ಯವನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು. ದೀಪಗಳು ಹತ್ತು ಮಂದಿಯಲ್ಲಿಯೂ ಇದ್ದವು; ಎಣ್ಣೆಯನ್ನು ಮುಂಚಿತವಾಗಿ ತೆಗೆದಿಟ್ಟುಕೊಂಡವರು ಐವರೇ. ಭಯಪಡುವುದಕ್ಕಲ್ಲ, ಆ ಐವರ ಸಾಲಿನಲ್ಲಿ ನಿಲ್ಲುವುದಕ್ಕಾಗಿ ನಾವು ಇದನ್ನು ಕಲಿಯಬೇಕು.