ಕಿಟಕಿಯ ಕಟ್ಟೆಯ ಮೇಲಣ ಕೈತೋಟ

ನಮ್ಮ ಪೂರ್ವವಿದ್ಯಾರ್ಥಿನಿಯರಲ್ಲಿ ಹಲವರು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಪಟ್ಟಣಗಳಲ್ಲಿ ಹಿತ್ತಲಿಲ್ಲದ ಮನೆಗಳಲ್ಲಿ ಸಂಸಾರ ಹೂಡಿರುವರು. ಅವರು ಶಾಲೆಗೆ ಬಂದಾಗಲೆಲ್ಲ, “ಅಕ್ಕನವರೇ, ನಾಲ್ಕು ಎಸಳು ಕೋತಂಬರಿಗೂ ಸಂತೆಗೆ ಹೋಗಬೇಕಾಗಿದೆ. ಮನೆಯೊಳಗೆ ಅದನ್ನು ಬೆಳೆಯಲಾಗದೇ?” ಎಂದು ಕೇಳುವುದುಂಟು. ಬೆಳೆಯಬಹುದು, ಆದರೆ ಬೀಜಕ್ಕಿಂತ ಮೊದಲು ಯೋಜನೆ ಬೇಕು. ಇದನ್ನು ನಾನು ಪುಸ್ತಕದಿಂದಲ್ಲ, ನನ್ನ ತಪ್ಪಿನಿಂದಲೇ ಕಲಿತೆನು.

ಕೆಲವು ವರ್ಷಗಳ ಹಿಂದೆ ನಾನು ತರಗತಿಯ ಒಳಗೋಡೆಯ ಬದಿಗೆ ಕುಂಡಗಳನ್ನು ಸಾಲಾಗಿ ಇರಿಸಿ, ನೀರು ಹಾಕುವ ಕೆಲಸವನ್ನು ಒಬ್ಬ ಹುಡುಗಿಗೆ ವಹಿಸಿದೆನು. ಕೆಲವೇ ವಾರಗಳಲ್ಲಿ ಕೋತಂಬರಿಯು ಬಿಳಿಚಿಕೊಂಡು, ಉದ್ದುದ್ದ ಬೆಳೆದು ಒರಗಿತು. ಪುದೀನದ ಎಲೆಗಳು ಜೋತುಬಿದ್ದವು. ಅವಳು ನೀರು ಹಾಕಲು ಮರೆತಳೆಂದು ತಿಳಿದು, ಎಲ್ಲರ ಎದುರಿಗೆ ಅವಳನ್ನು ಗದರಿಸಿದೆನು. ಅವಳು ಮರುಮಾತಾಡದೆ, ಮರುದಿನದಿಂದ ಎರಡು ಹೊತ್ತು ನೀರು ಹಾಕತೊಡಗಿದಳು. ಪುದೀನವು ಪೂರ್ತಿಯಾಗಿ ಸತ್ತಿತು. ಕುಂಡವನ್ನು ಬೋರಲು ಹಾಕಿ ನೋಡಿದರೆ ಮಣ್ಣು ಕೆಸರಾಗಿತ್ತು; ಬೇರುಗಳು ಕಪ್ಪಾಗಿ ಕೊಳೆತು ನಾರುತ್ತಿದ್ದವು. ತಪ್ಪು ಆ ಮಗುವಿನದಾಗಿರಲಿಲ್ಲ, ನನ್ನದಾಗಿತ್ತು. ಅದೇ ತರಗತಿಯ ಎದುರಿಗೆ ಅದನ್ನು ಒಪ್ಪಿಕೊಂಡೆನು. ಆಗ ಅವಳು ಕೇಳಿದ್ದು ಒಂದೇ ಮಾತು: “ಹಾಗಾದರೆ ಕುಂಡವನ್ನು ಎಲ್ಲಿಡಬೇಕಾಗಿತ್ತು, ಅಕ್ಕನವರೇ?” ಆ ಪ್ರಶ್ನೆಗೆ ಉತ್ತರವೇ ಈ ಪಾಠ.

1. ಬೆಳಕು

ನಮ್ಮ ಕಣ್ಣು ಮಂದಬೆಳಕಿಗೆ ಬೇಗನೆ ಹೊಂದಿಕೊಳ್ಳುವುದರಿಂದ ಕೋಣೆಯ ಮೂಲೆಯಲ್ಲಿಯೂ ಸಾಕಷ್ಟು ಬೆಳಕಿದೆಯೆಂದು ತೋರುವುದು. ವಾಸ್ತವದಲ್ಲಿ ಕಿಟಕಿಯಿಂದ ನಾಲ್ಕೈದು ಅಡಿ ಒಳಗೆ ಸರಿಯುವಷ್ಟರಲ್ಲಿಯೇ ಬೆಳಕು ಬಹಳ ಕುಗ್ಗಿರುವುದು. ಆದುದರಿಂದ ಕಣ್ಣನ್ನು ನಂಬದೆ ನೆರಳನ್ನು ನಂಬತಕ್ಕದ್ದು. ಕುಂಡವಿಡುವ ಸ್ಥಳದಲ್ಲಿ ಬಿಳಿಯ ಕಾಗದವನ್ನು ಹಾಸಿ, ಅದರ ಮೇಲೆ ಒಂದಡಿ ಎತ್ತರದಲ್ಲಿ ಕೈ ಹಿಡಿಯಿರಿ. ಬೆರಳುಗಳ ನೆರಳು ಸ್ಪಷ್ಟವಾಗಿದ್ದರೆ ಆ ಸ್ಥಳವು ಕೋತಂಬರಿ, ತುಳಸಿಗಳಿಗೆ ತಕ್ಕದ್ದು. ಮಸುಕಾಗಿದ್ದರೆ ಪುದೀನಕ್ಕೆ ಸಾಕು. ನೆರಳೇ ಬೀಳದಿದ್ದರೆ ಅಲ್ಲಿ ಗಿಡವಿಡಬಾರದು.

ದಿಕ್ಕನ್ನೂ ಗಮನಿಸಬೇಕು. ನಮ್ಮ ಮೂರು ಊರುಗಳೂ 14 ಮತ್ತು 15ನೆಯ ಉತ್ತರ ಅಕ್ಷಾಂಶಗಳ ನಡುವೆ ಇರುವುವು. ಏಪ್ರಿಲ್ ಕೊನೆಗೂ ಆಗಸ್ಟ್ ಮಧ್ಯಕ್ಕೂ ಮಧ್ಯಾಹ್ನದ ಸೂರ್ಯನು ನಮ್ಮ ನೆತ್ತಿಯ ಮೇಲೆ ಬರುವನು. ಅವುಗಳ ನಡುವಿನ ತಿಂಗಳುಗಳಲ್ಲಿ ತುಸು ಉತ್ತರಕ್ಕೂ, ಉಳಿದ ಕಾಲದಲ್ಲಿ ದಕ್ಷಿಣಕ್ಕೂ ವಾಲುವನು. ಆದ್ದರಿಂದ ಚಳಿಗಾಲದಲ್ಲಿ ದಕ್ಷಿಣದ ಕಿಟಕಿಯು ಉತ್ತಮ. ಬೇಸಿಗೆಯಲ್ಲಿ ಮುಂಜಾನೆಯ ಎಳೆಬಿಸಿಲು ಬೀಳುವ ಮೂಡಣ ಕಿಟಕಿಯು ಲೇಸು. ಪಡುವಣ ಕಿಟಕಿಯ ಸಂಜೆಬಿಸಿಲು ಬೇಸಿಗೆಯಲ್ಲಿ ಎಳೆಯ ಎಲೆಗಳನ್ನು ಸುಡುವುದು.

2. ಕುಂಡ ಮತ್ತು ಮಣ್ಣು

ಮಣ್ಣಿನ ಕುಂಡವೇ ಬೇಕೆಂದಿಲ್ಲ. ಹಳೆಯ ಡಬ್ಬಿಯಾದರೂ ಆದೀತು. ಆದರೆ ಆರೆಂಟು ಅಂಗುಲ ಆಳವೂ ತಳದಲ್ಲಿ ತೂತುಗಳೂ ಇರಲೇಬೇಕು. ಹೊಲದ ಎರೆಮಣ್ಣು ಹತ್ತಿಗೆ ಒಳ್ಳೆಯದು. ಕುಂಡದಲ್ಲಿ ಮಾತ್ರ ನೆನೆದರೆ ಅಂಟಾಗುವುದು, ಒಣಗಿದರೆ ಬಿರಿಯುವುದು. ಎರಡು ಪಾಲು ಕೆಂಪು ಮಸಾರಿ ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಪಾಲು ಮರಳು ಕೂಡಿಸಿದರೆ ನೀರು ಇಳಿದುಹೋಗಿ ಬೇರಿಗೆ ಗಾಳಿ ಸಿಕ್ಕುವುದು.

3. ಗಿಡಗಳ ಆಯ್ಕೆ

ಹೊಸಬರು ಮೆಂತ್ಯದಿಂದ ಆರಂಭಿಸಲಿ. ಅದು ಕೆಲವೇ ದಿನಗಳಲ್ಲಿ ಮೊಳೆತು, ಸುಮಾರು ಒಂದು ತಿಂಗಳಲ್ಲಿ ತಪ್ಪಲು ಕೊಡುವುದು. ಕೋತಂಬರಿಯ ಒಂದೊಂದು ಕಾಳಿನಲ್ಲಿ ಎರಡು ಬೀಜಗಳಿರುವುವು; ಕಾಳನ್ನು ಮೆಲ್ಲನೆ ಉಜ್ಜಿ ಹೋಳುಮಾಡಿ, ಒಂದು ರಾತ್ರಿ ನೆನೆಯಿಟ್ಟು ಬಿತ್ತಬೇಕು. ಕಿತ್ತು ನೆಟ್ಟರೆ ಅದಕ್ಕೆ ಒಗ್ಗದು. ಬಿಸಿಲು ಬಲಿತರೆ ಬೇಗನೆ ಹೂವಿಗೆ ತಿರುಗುವುದು. ಆದುದರಿಂದ ಅಕ್ಟೋಬರದಿಂದ ಫೆಬ್ರುವರಿಯವರೆಗೆ ಅದರ ಕಾಲ. ಪುದೀನವನ್ನೂ ದೊಡ್ಡಪತ್ರೆಯನ್ನೂ ಕಡ್ಡಿಯಿಂದಲೇ ಬೆಳೆಸಬಹುದು. ಪುದೀನವು ಹಬ್ಬಿ ನೆರೆಯ ಗಿಡವನ್ನು ನುಂಗುವುದರಿಂದ ಅದಕ್ಕೆ ಬೇರೆ ಕುಂಡವಿರಲಿ.

ರಾಣೆಬೆನ್ನೂರು ಸೀಮೆಯು ಬೀಜೋತ್ಪಾದನೆಗೆ ಹೆಸರಾದುದು; ಆದರೆ ಅಂಗಡಿಯ ಬಣ್ಣ ಬಳಿದ ಬೀಜಕ್ಕೆ ವಿಷೌಷಧ ಲೇಪಿಸಿರುವುದುಂಟು. ಅದನ್ನು ಅಡಿಗೆಮನೆಗೆ ತರಬೇಡಿರಿ. ಡಬ್ಬಿಯಲ್ಲಿರುವ ಹೊಸ ಕಾಳೇ ಸಾಕು. 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ನಮ್ಮ ಬ್ಯಾಡಗಿ ಮೆಣಸಿನಕಾಯಿಯನ್ನು ಕಿಟಕಿಯಲ್ಲಿ ಬೆಳೆಯುವ ಆಸೆ ಕೆಲವರಿಗುಂಟು. ಅದು ಬಯಲ ಬಿಸಿಲಿನ ಬೆಳೆ. ಅದನ್ನು ಹೊಲಕ್ಕೇ ಬಿಡುವುದು ಜಾಣತನ.

4. ನೀರು

ನೀರಿಲ್ಲದ ಗಿಡವೂ ಬಾಡುವುದು, ನೀರು ಹೆಚ್ಚಾದ ಗಿಡವೂ ಬಾಡುವುದು. ಹೆಚ್ಚಾದ ನೀರು ಮಣ್ಣಿನೊಳಗಿನ ಗಾಳಿಯನ್ನು ಹೊರದೂಡುವುದರಿಂದ ಬೇರು ಉಸಿರುಗಟ್ಟಿ ಕೊಳೆಯುವುದು. ಕೊಳೆತ ಬೇರು ಎದುರಿಗಿರುವ ನೀರನ್ನೂ ಹೀರಲಾರದು. ಮಬ್ಬುಬೆಳಕಿನಲ್ಲಿರುವ ಗಿಡವು ನೀರನ್ನು ಕಡಿಮೆ ಕುಡಿಯುವುದರಿಂದ ಅಪಾಯವು ಇಮ್ಮಡಿಯಾಗುವುದು. ನನ್ನ ಪುದೀನಕ್ಕೆ ಆದುದು ಇದೇ. ಪ್ರತಿದಿನ ಬೆರಳನ್ನು ಒಂದು ಅಂಗುಲ ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ನೀರು ಕೊಡಿರಿ. ನಳಕ್ಕೆ ನೀರು ಬಾರದ ದಿನ ಅಕ್ಕಿ ತೊಳೆದ ನೀರಾದರೂ ನಡೆಯುವುದು.

ಮನೆಯಲ್ಲಿ ಮಾಡತಕ್ಕ ಅಭ್ಯಾಸ

ಕುಂಡವನ್ನು ಕೊಳ್ಳುವ ಮುಂಚೆ ಮೂರು ದಿನ, ಬೆಳಿಗ್ಗೆ 9, ಮಧ್ಯಾಹ್ನ 12, ಸಂಜೆ 4 ಗಂಟೆಗೆ, ಪ್ರತಿಯೊಂದು ಕಿಟಕಿಯಲ್ಲಿ ಕಾಗದದ ಪರೀಕ್ಷೆ ಮಾಡಿ ವಹಿಯಲ್ಲಿ ಬರೆದಿಡಿರಿ. ಆ ವಹಿಯೇ ನಿಮ್ಮ ತೋಟದ ನಕ್ಷೆ. ಈ ಕೆಲಸದಲ್ಲಿ ಮಕ್ಕಳನ್ನೂ ಕೂಡಿಸಿಕೊಳ್ಳಿರಿ.

ಪಾಲಕರಲ್ಲಿ ಒಂದು ವಿಜ್ಞಾಪನೆ. ಬಾಡಿದ ಎಲೆಯನ್ನು ಕಂಡ ಕೂಡಲೇ ನೀರು ಹೊಯ್ಯಬೇಡಿರಿ, ಮಗುವನ್ನೂ ಗದರಿಸಬೇಡಿರಿ. ಮೊದಲು ಮಣ್ಣನ್ನು ಮುಟ್ಟಿ ನೋಡಿರಿ.