ಮೀನಿನಲ್ಲಿ ಫಾರ್ಮಲಿನ್ ಅಂಶದ ಪರೀಕ್ಷೆ

ಫಾರ್ಮಾಲ್ಡಿಹೈಡ್ ಎಂಬ ಅನಿಲವನ್ನು ನೀರಿನಲ್ಲಿ ಕರಗಿಸಿದ ದ್ರವಕ್ಕೆ ಫಾರ್ಮಲಿನ್ ಎಂದು ಹೆಸರು. ಶವಗಳನ್ನು ಕೆಡದಂತೆ ಇಡಲು ಉಪಯೋಗಿಸತಕ್ಕ ಈ ವಿಷವಸ್ತುವನ್ನು ಆಹಾರಕ್ಕೆ ಬೆರೆಸುವುದು ನಿಷಿದ್ಧವಾಗಿದೆ. ಆದರೂ 2018ರಲ್ಲಿ ಕೇರಳದ ಗಡಿ ತನಿಖಾ ಕಟ್ಟೆಗಳಲ್ಲಿ ಇದನ್ನು ಸೇರಿಸಿದ ಮೀನು ಸಿಕ್ಕಿತು.

ಸ್ಥಳದಲ್ಲಿಯೇ ಪರೀಕ್ಷಿಸಲು ಕೊಚ್ಚಿಯ ಕೇಂದ್ರೀಯ ಮೀನುಗಾರಿಕಾ ತಂತ್ರಜ್ಞಾನ ಸಂಸ್ಥೆಯವರು ಕಾಗದದ ಪಟ್ಟಿಯೊಂದನ್ನು ಸಿದ್ಧಪಡಿಸಿರುತ್ತಾರೆ. ಅದನ್ನು ಮೀನಿನ ಮೈಗೆ ಉಜ್ಜಿ, ಮೇಲೆ ಒಂದು ತೊಟ್ಟು ಪರೀಕ್ಷಾದ್ರವವನ್ನು ಬಿಟ್ಟು, ತೋರುವ ಬಣ್ಣವನ್ನು ಮಾದರಿ ಬಣ್ಣದೊಡನೆ ಹೋಲಿಸಬೇಕು.

ಆದರೆ ಬಣ್ಣ ಕಂಡೊಡನೆ ಮಾರುವವನನ್ನು ಅಪರಾಧಿಯೆಂದು ನಿರ್ಣಯಿಸಕೂಡದು. ಕಡಲಮೀನಿನ ಮಾಂಸದಲ್ಲಿ ಸಹಜವಾಗಿಯೇ ಸ್ವಲ್ಪ ಫಾರ್ಮಾಲ್ಡಿಹೈಡ್ ಹುಟ್ಟುವುದುಂಟು. ಅದು ಜಾತಿಯಿಂದ ಜಾತಿಗೆ ಹೆಚ್ಚುಕಡಮೆಯಾಗುವುದು. ಆದಕಾರಣ ಪ್ರಮಾಣವೇ ಮುಖ್ಯ. ಪ್ರಯೋಗಶಾಲೆಯಲ್ಲಿ ಮಾಂಸವನ್ನು ಅರೆದು ಬಟ್ಟಿಯಿಳಿಸಿ, ಬಂದ ದ್ರವವನ್ನು ಅಸಿಟೈಲ್ ಅಸಿಟೋನ್ ಸೇರಿದ ದ್ರಾವಣದೊಡನೆ ಕಾಯಿಸಿದರೆ ಹಳದಿ ಬಣ್ಣವುಂಟಾಗುವುದು. ಅದರ ಗಾಢತೆಯನ್ನು ಯಂತ್ರದಿಂದ ಅಳೆದು, ಒಂದು ಕಿಲೋಗ್ರಾಂ ಮೀನಿಗೆ ಎಷ್ಟು ಮಿಲಿಗ್ರಾಂ ಎಂದು ಲೆಕ್ಕಹಾಕುವರು.

ಸಂಶಯವಿದ್ದಲ್ಲಿ, 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯಿದೆಯ 40ನೆಯ ಪ್ರಕರಣದಂತೆ ಕೊಂಡವರೇ ಶುಲ್ಕ ತೆತ್ತು ಪರೀಕ್ಷೆ ಮಾಡಿಸಬಹುದು. ಕೊಳ್ಳುವಾಗಲೇ ಮಾರುವವನಿಗೆ ಈ ಉದ್ದೇಶವನ್ನು ತಿಳಿಸತಕ್ಕದ್ದು. ಗ್ರಾಮದ ಮುಖ್ಯಸ್ಥರು ಇದನ್ನು ಜನರಿಗೆ ತಿಳಿಯಪಡಿಸುವುದಲ್ಲದೆ, ಸಂತೆಯಲ್ಲಿ ಮಂಜುಗಡ್ಡೆ ಸಾಕಷ್ಟು ದೊರೆಯುವಂತೆ ಏರ್ಪಡಿಸಿದಲ್ಲಿ, ಮೀನನ್ನು ಕೆಡದಂತೆ ಇಡಲು ವಿಷವನ್ನು ಬೆರೆಸುವ ನೆವವೇ ಉಳಿಯದು.