ದಿನದ ಧಮ್ಮ ಚಿಂತನೆ: ಹೆದರಿದ ಮನಸ್ಸು ಕಲಿಯದು



ಬಂಧುಗಳೇ, ಇವತ್ತು ನನ್ನದೇ ಒಂದು ತಪ್ಪಿನಿಂದ ಶುರು ಮಾಡುತ್ತೇನೆ.

ದಾವಣಗೆರೆಯ ನನ್ನ ಎಂಟನೇ ತರಗತಿಯಲ್ಲಿ ನಮ್ಮದೇ ಕೇರಿಯ ಒಬ್ಬ ಹುಡುಗ ಓದಲು ನಿಂತರೆ ತಡವರಿಸುತ್ತಿದ್ದ. ಒಂದು ದಿನ ಎಲ್ಲರೆದುರು, "ಬಾಬಾಸಾಹೇಬರು ಗೋಣಿತಟ್ಟಿನ ಮೇಲೆ ಕೂತು ಓದಿದರು. ಬೆಂಚು ಇದ್ದೂ ನಿನಗೇನು ಬಂದಿದೆ?" ಎಂದೆ. ತರಗತಿ ನಕ್ಕಿತು. ಮರುದಿನದಿಂದ ಅವನು ಬಾಯಿ ತೆರೆಯಲಿಲ್ಲ.

ಅವಮಾನವಾದಾಗ ಮಿದುಳಿನ ಅಮಿಗ್ಡಲಾ ಎಂಬ ಭಾಗ ಅಪಾಯದ ಗಂಟೆ ಬಾರಿಸುತ್ತದೆ. ಮೈಯಲ್ಲಿ ಕಾರ್ಟಿಸಾಲ್ ಏರುತ್ತದೆ. ಯೋಚಿಸುವ, ನೆನಪಿಗೆ ತಂದುಕೊಳ್ಳುವ ಶಕ್ತಿ ಆ ಹೊತ್ತಿಗೆ ಕುಗ್ಗುತ್ತದೆ. ಗೊತ್ತಿದ್ದ ಅಕ್ಷರವೂ ಬಾಯಿಗೆ ಬರುವುದಿಲ್ಲ. ಪಾಠ ಮರೆತುಹೋಗುತ್ತದೆ, ಅವಮಾನ ಉಳಿಯುತ್ತದೆ.

ಬಾಬಾಸಾಹೇಬರು ಸಾತಾರದ ಶಾಲೆಯ ಗೋಣಿತಟ್ಟನ್ನು, ಜವಾನನಿಲ್ಲದೆ ನೀರೂ ಸಿಗದ ದಿನಗಳನ್ನು ಬರೆದಿಟ್ಟದ್ದು ಅನ್ಯಾಯದ ಸಾಕ್ಷಿಯಾಗಿ. ನಾನು ಅದನ್ನೇ ಚಾಟಿ ಮಾಡಿಕೊಂಡಿದ್ದೆ. ಅವರು ಕಲಿತದ್ದು ಅವಮಾನದಿಂದಲ್ಲ, ಅವಮಾನವಿದ್ದರೂ. ಪಕ್ಕದಲ್ಲಿ ಕೂತು ಓದಿಸಿದ ತಂದೆ ರಾಮಜಿ ಇದ್ದರು, ಬುದ್ಧನ ಚರಿತ್ರೆಯನ್ನು ಕೈಗಿತ್ತ ಕೇಳುಸ್ಕರ್ ಗುರುಗಳಿದ್ದರು.

ಚೂಳಪಂಥಕನ ಕಥೆ ನಿಮಗೆ ಗೊತ್ತು. ನಾಲ್ಕು ತಿಂಗಳಾದರೂ ಒಂದು ಗಾಥೆ ಬಾಯಿಗೆ ಬರಲಿಲ್ಲವೆಂದು ಸ್ವಂತ ಅಣ್ಣನೇ ಸಂಘದಿಂದ ಹೊರಡು ಎಂದ. ಅಳುತ್ತಾ ನಿಂತವನನ್ನು ಬುದ್ಧರು ಕರೆದು, ಬಿಳಿ ಬಟ್ಟೆಯ ತುಂಡೊಂದನ್ನು ಕೊಟ್ಟು, ಉಜ್ಜುತ್ತಿರು ಎಂದರು. ಬಟ್ಟೆ ಮಾಸುತ್ತಾ ಬಂದಂತೆ ಅವನಿಗೆ ಅನಿತ್ಯ ತಿಳಿಯಿತು. ಬುದ್ಧರು ಬದಲಿಸಿದ್ದು ಶಿಷ್ಯನನ್ನಲ್ಲ, ಕಲಿಸುವ ದಾರಿಯನ್ನು.

ವಯಸ್ಸಾದವರಿಗೂ ಇದೇ ಮಾತು. ಹರಿಹರದ ನಮ್ಮ ಭಾನುವಾರದ ಓದಿಗೆ ಬರುವ, ಅರವತ್ತು ದಾಟಿದ ಅಕ್ಕ ಒಬ್ಬರು, "ಈ ವಯಸ್ಸಿಗೆ ತಲೆಗೆ ಹತ್ತಲ್ಲ ಸರ್" ಎನ್ನುತ್ತಿದ್ದರು. ಕಲಿತಂತೆ ಬದಲಾಗುವ ಗುಣ ಮಿದುಳಿಗೆ ಮುಪ್ಪಿನಲ್ಲೂ ಇರುತ್ತದೆ, ವೇಗ ತಗ್ಗಬಹುದು ಅಷ್ಟೇ. ಅಲ್ಲಿ ಅವರು ತಪ್ಪಿದರೆ ಯಾರೂ ನಗುವುದಿಲ್ಲ. ಈಗ ತಿಸರಣವನ್ನು ಬೆರಳಿಟ್ಟು ತಾವೇ ಓದುತ್ತಾರೆ.

ಎಲ್ಲರೆದುರು ಅವಮಾನ ಮಾಡಿದವನು ಎಲ್ಲರೆದುರೇ ಕ್ಷಮೆ ಕೇಳಬೇಕು. ಕೇಳಿದೆ. ಹುಡುಗ ಇನ್ನೂ ತರಗತಿಯಲ್ಲಿ ಎದ್ದು ಓದಿಲ್ಲ. ಮೊನ್ನೆ ಬೆಲ್ ಹೊಡೆದ ಮೇಲೆ ನನ್ನೊಬ್ಬನ ಎದುರು ಎರಡು ಸಾಲು ಓದಿದ. ಕಾಯುತ್ತಿದ್ದೇನೆ.

ಇಂದಿನ ಅಭ್ಯಾಸ: ಸಮ್ಮಾ ವಾಚಾ. ಇವತ್ತು ಮನೆಯಲ್ಲಿ ಮಗು ತಪ್ಪು ಓದಿದರೆ "ದಡ್ಡ" ಎನ್ನಬೇಡಿ. ಪಕ್ಕದಲ್ಲಿ ಕೂತು, "ಇನ್ನೊಂದ್ಸಲ ಓದೋಣ" ಎನ್ನಿ.

ಎಲ್ಲರಿಗೂ ಮಂಗಳವಾಗಲಿ. ಜೈ ಭೀಮ್.